ಇಳಿವಯಸ್ಸಿನ ಚತುರ್ಗಾನ

ಮುಪ್ಪಿನ ಪ್ರೇಮವೆಂದರೆ ಚಿತ್ರರಂಗಕ್ಕೆ ಒಂದೋ ನಗೆಪಾಟಲಿನ ವಸ್ತು, ಇಲ್ಲವೇ ಕಣ್ಣೀರಿನದು. 2012ರಲ್ಲಿ ಬಂದ ಬ್ರಿಟಿಷ್ ಚಿತ್ರ ‘ಕ್ವಾರ್ಟೆಟ್’ ನಗಿಸುತ್ತದೆ ನಿಜ; ಆದರೆ ವೃದ್ಧರನ್ನು ನೋಡಿ ನಗುವುದಿಲ್ಲ. ರೊನಾಲ್ಡ್ ಹಾರ್‌ವುಡ್ ಅವರ ನಾಟಕವನ್ನಾಧರಿಸಿದ ಇದನ್ನು ನಿರ್ದೇಶಿಸಿದವರು ಹೆಸರಾಂತ ನಟ ಡಸ್ಟಿನ್ ಹಾಫ್‌ಮನ್, ಅದೂ ಎಪ್ಪತ್ತು ದಾಟಿದ ಮೇಲೆ.

ನಿವೃತ್ತ ಸಂಗೀತಗಾರರ ಆಶ್ರಯಧಾಮವೊಂದರಲ್ಲಿ ರೆಜಿನಾಲ್ಡ್, ವಿಲ್ಫ್ರೆಡ್, ಸಿಸ್ಸಿ ಎಂಬ ಮೂವರು ಹಳೆಯ ಆಪೆರಾ ಗಾಯಕರಿದ್ದಾರೆ. ಅಲ್ಲಿಗೆ ಜೀನ್ ಹಾರ್ಟನ್ ಬಂದಿಳಿಯುತ್ತಾಳೆ. ಒಂದು ಕಾಲಕ್ಕೆ ಎಲ್ಲರಿಗಿಂತ ಕೀರ್ತಿವಂತೆ. ರೆಜಿನಾಲ್ಡನ ಮಾಜಿ ಪತ್ನಿ. ಆ ದಾಂಪತ್ಯ ಬಹಳ ದಿನ ಬಾಳಿರಲಿಲ್ಲ, ಗಾಯ ಮಾತ್ರ ದಶಕಗಳ ಕಾಲ ಉಳಿದಿತ್ತು. ಕಾನೂನಿನ ಕಾಗದ ಸಂಬಂಧವನ್ನು ಮುಗಿಸಬಲ್ಲದು. ಅದೇ ಊಟದ ಕೋಣೆಯಲ್ಲಿ ಎದುರು ಕುಳಿತವರ ಮುಜುಗರಕ್ಕೆ ಅದರಲ್ಲಿ ಪರಿಹಾರವಿಲ್ಲ.

ಧಾಮದ ಉಳಿವಿಗೆ ಹಣ ಬೇಕು. ಅದಕ್ಕಾಗಿ ವರ್ದಿಯ ಜನ್ಮದಿನದಂದು ಕಚೇರಿ ನಡೆಯುತ್ತದೆ. ನಾಲ್ವರೂ ಸೇರಿ ‘ರಿಗೊಲೆಟ್ಟೊ’ದ ಪ್ರಸಿದ್ಧ ಚತುರ್ಗಾನವನ್ನು ಹಾಡಬೇಕೆಂಬುದು ಗೆಳೆಯರ ಹಂಬಲ. ಜೀನ್ ಒಲ್ಲೆನೆನ್ನುತ್ತಾಳೆ. ತನ್ನ ಹಳೆಯ ಧ್ವನಿಯೇ ಆಕೆಗೆ ಪ್ರತಿಸ್ಪರ್ಧಿ. ನೆನಪು ಮಾಸುತ್ತಿರುವ ಸಿಸ್ಸಿ ಒತ್ತಾಯಿಸಲು ಹೋದಾಗ ಸಿಟ್ಟಿನಿಂದ ಅವಳನ್ನು ಹೊಡೆದೇಬಿಡುತ್ತಾಳೆ. ಅಹಂಕಾರದ ಒಳಗೆ ಎಷ್ಟು ಭಯವಿರುತ್ತದೆಂಬುದನ್ನು ಮ್ಯಾಗಿ ಸ್ಮಿತ್ ಆ ಒಂದು ದೃಶ್ಯದಲ್ಲಿ ತೋರಿಸಿಬಿಡುತ್ತಾರೆ.

ಶಾಲಾಮಕ್ಕಳಿರುವ ಮನೆಯವರು ವಿಶೇಷವಾಗಿ ನೋಡಬೇಕಾದ ದೃಶ್ಯ ಬೇರೆಯದು. ರೆಜಿನಾಲ್ಡ್ ಹದಿಹರೆಯದವರಿಗೆ ಆಪೆರಾ ಕುರಿತು ಪಾಠ ಹೇಳುತ್ತಾನೆ. ಹಳೆಯದರ ಹಿರಿಮೆ ಸಾರಿ ಹೊಸದನ್ನು ಜರೆಯುವುದಿಲ್ಲ. ಅವರ ರ‍್ಯಾಪ್ ಹಾಡಿನಿಂದಲೇ ಮಾತು ಆರಂಭಿಸುತ್ತಾನೆ, ಒಬ್ಬ ಹುಡುಗನಿಂದ ಹಾಡಿಸಿ ಕೇಳುತ್ತಾನೆ. ಕಲಿಸುವವನು ಕೇಳಿಸಿಕೊಳ್ಳಲೂ ಬಲ್ಲವನಾದ್ದರಿಂದ ಮಕ್ಕಳು ಕಿವಿಗೊಡುತ್ತಾರೆ.

ಜೀನ್ ಕೊನೆಗೆ ಒಪ್ಪುತ್ತಾಳೆ. ವೇದಿಕೆಯೇರುವ ಗಳಿಗೆಯಲ್ಲಿ ಸಿಸ್ಸಿ ದಿಕ್ಕುತಪ್ಪಿದಾಗ ಮೃದುವಾಗಿ ಮರಳಿ ಕರೆತರುವವಳೂ ಅವಳೇ. ರೆಜಿನಾಲ್ಡ್ ಮತ್ತೊಮ್ಮೆ ಮದುವೆಯಾಗೆಂದು ಕೇಳುತ್ತಾನೆ. ನಟರು ಹಾಡುವಂತೆ ತುಟಿಯಾಡಿಸುವುದನ್ನು ಹಾಫ್‌ಮನ್ ತೋರಿಸುವುದಿಲ್ಲ. ಹಾಡು ಕೇಳುತ್ತಿರುವಾಗ ಕ್ಯಾಮೆರಾ ಕಟ್ಟಡದ ಹೊರಗಿರುತ್ತದೆ. ಇದು ಉಚಿತವಾದ ಸಂಕೋಚ.

ಇಂತಹ ಧಾಮ ಕೇವಲ ಕಲ್ಪನೆಯಲ್ಲ. ವರ್ದಿಯೇ ಮಿಲಾನ್ ನಗರದಲ್ಲಿ ಬಡ ಸಂಗೀತಗಾರರಿಗೆ ಮನೆ ಕಟ್ಟಿಸಿ, ತನ್ನ ಕೃತಿಗಳ ಗೌರವಧನವನ್ನು ಅದಕ್ಕೆ ಬರೆದಿಟ್ಟನು. ಜನರ ಕೃತಜ್ಞತೆಯ ಮಾತು ತನಗೆ ಬೇಡವೆಂದು, ತನ್ನ ಮರಣಾನಂತರವೇ ಅದು ತೆರೆಯಬೇಕೆಂದು ಬಯಸಿದನು. 1901ರಲ್ಲಿ ತೀರಿಕೊಂಡನು, ಮರುವರ್ಷ ನಿವಾಸಿಗಳು ಬಂದರು. ವರ್ದಿ ಗಾಯಕಿ ಜುಸೆಪ್ಪಿನಾ ಸ್ಟ್ರೆಪ್ಪೋನಿಯನ್ನು ಮದುವೆಯಾದದ್ದು 1859ರಲ್ಲಿ, ತನ್ನ ನಲವತ್ತೈದನೆಯ ವಯಸ್ಸಿನಲ್ಲಿ. ಅದು ಅವನ ಎರಡನೆಯ ವಿವಾಹ. ಇಬ್ಬರ ಸಮಾಧಿಯೂ ಆ ಮನೆಯ ಆವರಣದಲ್ಲೇ ಇದೆ.