ನಿಮಗಿದು ಗೊತ್ತೆ? ದುಡ್ಡು ಕಾಫಿಗಲ್ಲ, ಬೆಕ್ಕಿನ ಜೊತೆ ಕೂತ ಹೊತ್ತಿಗೆ!

ಟೋಕಿಯೊ, ಒಸಾಕಾಗಳಲ್ಲಿ ಕೆಲಸಕ್ಕೆಂದು ನೆಲೆಸಿದ ಹೊರದೇಶದವರು ರಜೆಯ ಮಧ್ಯಾಹ್ನ ಹುಡುಕಿಕೊಂಡು ಹೋಗುವ ತಾಣಗಳಲ್ಲಿ ಬೆಕ್ಕಿನ ಕೆಫೆಯೂ ಒಂದು. ಅಲ್ಲಿನ ಎಷ್ಟೋ ಬಾಡಿಗೆ ಮನೆಗಳಲ್ಲಿ ಪ್ರಾಣಿ ಸಾಕುವಂತಿಲ್ಲ. ತವರಿನಲ್ಲಿ ಮುದ್ದಿನ ಬೆಕ್ಕನ್ನು ಬಿಟ್ಟುಬಂದವರಿಗೆ ಇದು ದೊಡ್ಡ ಸಮಾಧಾನ. ಚಪ್ಪಲಿ ಬಿಚ್ಚಿಟ್ಟು, ಕೈ ತೊಳೆದು ಒಳಗೆ ಹೋಗಬೇಕು. ಮಲಗಿದ ಬೆಕ್ಕನ್ನು ಎಬ್ಬಿಸಬಾರದು, ಒಲ್ಲದ ಬೆಕ್ಕನ್ನು ಎತ್ತಿಕೊಳ್ಳಬಾರದು. ಶುಲ್ಕ ಸಾಮಾನ್ಯವಾಗಿ ಗಂಟೆಯ ಲೆಕ್ಕದಲ್ಲಿ.

ಅಚ್ಚರಿಯೆಂದರೆ, ಈ ಕೆಫೆ ಹುಟ್ಟಿದ್ದು ಜಪಾನಿನಲ್ಲಲ್ಲ, ತೈವಾನಿನಲ್ಲಿ! ಮೊದಲನೆಯದು 1998ರಲ್ಲಿ ತೈಪೆಯಲ್ಲಿ ತೆರೆಯಿತು. ಜಪಾನಿಗೆ ಅದು ಬಂದದ್ದು 2004ರಲ್ಲಿ, ಒಸಾಕಾ ನಗರಕ್ಕೆ.

ಯುರೋಪಿನಲ್ಲಿ ಇದನ್ನು ಬೆಳೆಸಿದವರಲ್ಲಿ ವಲಸಿಗರೂ ಇದ್ದಾರೆ. ವಿಯೆನ್ನಾದಲ್ಲಿ 2012ರಲ್ಲಿ ‘ಕೆಫೆ ನೆಕೊ’ ತೆರೆದವರು ಅಲ್ಲಿ ನೆಲೆಸಿದ್ದ ಜಪಾನಿ ಮಹಿಳೆ. ಶುಚಿತ್ವದ ನಿಯಮಗಳ ವಿಚಾರವಾಗಿ ನಗರಾಡಳಿತವನ್ನು ಒಪ್ಪಿಸಲು ಅವರಿಗೆ ವರ್ಷಗಳೇ ಹಿಡಿದವು. ಲಂಡನ್ನಿನಲ್ಲಿ 2014ರಲ್ಲಿ ‘ಲೇಡಿ ಡೈನಾಸ್ ಕ್ಯಾಟ್ ಎಂಪೋರಿಯಂ’ ಆರಂಭಿಸಿದವರು ಆಸ್ಟ್ರೇಲಿಯಾದ ಮಹಿಳೆ. ಬಂಡವಾಳಕ್ಕೆ ಜನರಿಂದಲೇ ಒಂದು ಲಕ್ಷ ಪೌಂಡಿಗೂ ಹೆಚ್ಚು ದೇಣಿಗೆ ಬಂತು.

ಬೆಕ್ಕಾದರೆ ಸರಿ, ಅದು ಮನುಷ್ಯರೊಡನೆ ಬಾಳಿದ ಪ್ರಾಣಿ. ಗೂಬೆ, ನೀರುನಾಯಿಗಳ ಕೆಫೆಗಳು ಮಾತ್ರ ನಿಜಕ್ಕೂ ಕಳವಳ ಹುಟ್ಟಿಸುತ್ತವೆ. ಥಾಯ್ಲೆಂಡಿನಿಂದ ಜಪಾನಿಗೆ ಕದ್ದು ಸಾಗಿಸುತ್ತಿದ್ದ ನೀರುನಾಯಿ ಮರಿಗಳು 2017ರಲ್ಲಿ ಸಿಕ್ಕಿಬಿದ್ದವು. ಏಷ್ಯಾದ ಸಣ್ಣ ಉಗುರಿನ ನೀರುನಾಯಿಯ ಅಂತರರಾಷ್ಟ್ರೀಯ ವಾಣಿಜ್ಯ ಮಾರಾಟವನ್ನು ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ದೇಶಗಳು 2019ರಲ್ಲಿ ನಿಷೇಧಿಸಿದವು. ಜಗತ್ತಿನ ಅತಿ ಚಿಕ್ಕದಾದ ಈ ನೀರುನಾಯಿ ನಮ್ಮ ಕೊಡಗಿನ ಹೊಳೆಗಳಲ್ಲೂ ಇದೆ.