ಮೂರು ಮಹಡಿಯ ಮನೆಗೆ ಒಂದೇ ವೈ-ಫೈ ಪೆಟ್ಟಿಗೆ ಸಾಕೇ?

ಬೆಂಗಳೂರು : ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ 20-30 ಮತ್ತು 30-40 ಅಡಿಗಳ ನಿವೇಶನಗಳಲ್ಲಿ ಎದ್ದ ಮನೆಗಳು ಅಗಲಕ್ಕೆ ಬೆಳೆಯಲಾಗದೆ ಎತ್ತರಕ್ಕೆ ಬೆಳೆದಿವೆ. ಬ್ರಾಡ್‌ಬ್ಯಾಂಡ್ ಪೆಟ್ಟಿಗೆ ನೆಲಮಹಡಿಯ ಹಾಲ್‌ನಲ್ಲಿ, ಟಿವಿಯ ಹಿಂದೆ ಕುಳಿತಿರುತ್ತದೆ. ಮಗಳು ಆನ್‌ಲೈನ್ ಪರೀಕ್ಷೆ ಬರೆಯುವುದು ಎರಡನೇ ಮಹಡಿಯ ಕೋಣೆಯಲ್ಲಿ. ನಡುವೆ ಕಬ್ಬಿಣದ ಸರಳು ತುಂಬಿದ ಎರಡು ಕಾಂಕ್ರೀಟ್ ಚಾವಣಿಗಳು. ಪರೀಕ್ಷೆಯ ಮಧ್ಯೆ ಸಂಪರ್ಕ ಕಡಿದರೆ ಮನೆಯವರು ಮೊದಲು ಇಂಟರ್‌ನೆಟ್ ಕಂಪನಿಯನ್ನು ದೂರುತ್ತಾರೆ. ಆಮೇಲೆ ಎಸ್.ಪಿ. ರಸ್ತೆಗೆ ಹೋಗಿ ಹೆಚ್ಚು ಆಂಟೆನಾಗಳಿರುವ ದುಬಾರಿ ಪೆಟ್ಟಿಗೆ ತರುತ್ತಾರೆ. ಅನೇಕ ವೇಳೆ ಇವೆರಡರಿಂದಲೂ ಸಮಸ್ಯೆ ಬಗೆಹರಿಯುವುದಿಲ್ಲ.

ದೋಷ ಎಲ್ಲಿದೆ?

ಹಣ ಖರ್ಚು ಮಾಡುವ ಮೊದಲು ಒಂದು ಸರಳ ಪರೀಕ್ಷೆ ಅಗತ್ಯ. ಪೆಟ್ಟಿಗೆಗೆ ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ಜೋಡಿಸಿ ವೇಗ ನೋಡಬೇಕು. ಅಲ್ಲಿಯೂ ನಿಧಾನವಾಗಿದ್ದರೆ ದೂರು ಕಂಪನಿಗೆ ಹೋಗಬೇಕು. ಅಲ್ಲಿ ವೇಗ ಸರಿಯಿದ್ದು ಮೇಲಿನ ಕೋಣೆಯಲ್ಲಿ ಮಾತ್ರ ಕುಸಿದರೆ ದೋಷ ಮನೆಯೊಳಗಿನ ನಿಸ್ತಂತು ಜಾಲದ್ದು.

ವೈ-ಫೈ ಎರಡೂ ಕಡೆಯ ಸಂಭಾಷಣೆ. ಪೆಟ್ಟಿಗೆಯ ದನಿ ಮೊಬೈಲಿಗೆ ಕೇಳಿಸಿದರೆ ಸಾಲದು, ಸಣ್ಣ ಬ್ಯಾಟರಿಯಿಂದ ಹೊರಡುವ ಮೊಬೈಲಿನ ದನಿಯೂ ಪೆಟ್ಟಿಗೆಗೆ ತಲುಪಬೇಕು. ಇದರ ಜತೆಗೆ, 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿದ ಕೇಂದ್ರ ಸರಕಾರದ 2005ರ ನಿಯಮವೇ ಪ್ರಸಾರ ಶಕ್ತಿಗೆ ಮಿತಿ ಹಾಕಿದೆ. ಆದ್ದರಿಂದ ಬೆಲೆ ಹೆಚ್ಚಾದ ಮಾತ್ರಕ್ಕೆ ತರಂಗಗಳು ಚಾವಣಿಯನ್ನು ಭೇದಿಸಿಬಿಡುತ್ತವೆ ಎಂದು ನಂಬುವಂತಿಲ್ಲ.

ಈ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಗೋಡೆಗೆ ಗೋಡೆ ತಾಗಿಕೊಂಡ ಬಡಾವಣೆಯಲ್ಲಿ ಅಕ್ಕಪಕ್ಕದ ಮನೆಗಳೆಲ್ಲ ಇವೇ ಮೂರನ್ನು ಹಂಚಿಕೊಳ್ಳಬೇಕು. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಚಾನೆಲ್‌ಗಳು ಹೆಚ್ಚು. ಭಾರತದಲ್ಲಿ 2018ರ ಅಕ್ಟೋಬರ್‌ನಲ್ಲಿ ಈ ಪಟ್ಟಿಯ ಇನ್ನಷ್ಟು ಭಾಗ ಪರವಾನಗಿಮುಕ್ತವಾಯಿತು. ಆದರೆ ಈ ತರಂಗಗಳು ಗೋಡೆ, ಚಾವಣಿಗಳ ಮುಂದೆ ಬೇಗ ಸೋಲುತ್ತವೆ. ಹೀಗಾಗಿ ವೇಗ ಬೇಕಾದರೆ ಪೆಟ್ಟಿಗೆ ಹತ್ತಿರವೇ ಇರಬೇಕಾಗುತ್ತದೆ.

ಸಂಖ್ಯೆಗಳ ಮಾಯೆ

ಡಬ್ಬದ ಮೇಲೆ 'ಎಎಕ್ಸ್ 3000' ಎಂದಿದ್ದರೆ ಮೊಬೈಲಿಗೆ ಸೆಕೆಂಡಿಗೆ 3000 ಮೆಗಾಬಿಟ್ ಸಿಗುತ್ತದೆ ಎಂದರ್ಥವಲ್ಲ. ಒಂದು ಪಟ್ಟಿಯ 574 ಮತ್ತು ಇನ್ನೊಂದರ 2402 ಮೆಗಾಬಿಟ್‌ಗಳನ್ನು ಕೂಡಿ ಬರೆದ ಅಂಕಿ ಅದು. ಅದೂ ಕಾಗದದ ಮೇಲಿನ ಗರಿಷ್ಠ ಮಿತಿ. ಅದಕ್ಕಿಂತ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ, ಕೇಬಲ್ ಸಿಕ್ಕಿಸುವ ಪೋರ್ಟ್ ಗಿಗಾಬಿಟ್ ವೇಗದ್ದೇ ಎಂಬುದು. ಅದು 100 ಮೆಗಾಬಿಟ್‌ನದ್ದಾದರೆ 300 ಮೆಗಾಬಿಟ್ ಯೋಜನೆಗೆ ತೆತ್ತ ಹಣ ಆ ಪೋರ್ಟ್‌ನಲ್ಲೇ ಸೋರಿಹೋಗುತ್ತದೆ. ತಯಾರಕರು ಆ ಮಾದರಿಗೆ ಭದ್ರತಾ ತಂತ್ರಾಂಶವನ್ನು ಇನ್ನೂ ಒದಗಿಸುತ್ತಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕು.

ತಂತಿಯೇ ಬೆನ್ನೆಲುಬು

ನಿಸ್ತಂತು ಜಾಲದ ನೆಮ್ಮದಿ ತಂತಿಯಲ್ಲಿದೆ ಎಂಬುದು ವಿಚಿತ್ರವಾದರೂ ನಿಜ. ಮಹಡಿಗೊಂದು ಸಾಧಾರಣ ಆಕ್ಸೆಸ್ ಪಾಯಿಂಟ್ ಇಟ್ಟು, ಪ್ರತಿಯೊಂದಕ್ಕೂ ಕೆಳಗಿನಿಂದ ಕೇಬಲ್ ಎಳೆಯುವುದೇ ಎತ್ತರದ ಮನೆಗೆ ಖಚಿತ ಪರಿಹಾರ. ಸಾಮಾನ್ಯ ಕ್ಯಾಟ್-5ಇ ಕೇಬಲ್ 100 ಮೀಟರ್‌ವರೆಗೆ ಗಿಗಾಬಿಟ್ ವೇಗವನ್ನು ಒಯ್ಯಬಲ್ಲದು. ಮೂರು ಮಹಡಿಗೆ ಇದರಲ್ಲಿ ಸಣ್ಣ ಭಾಗ ಸಾಕು. ಕೇಬಲ್ ಇಲ್ಲದೆ ಗಾಳಿಯಲ್ಲೇ ಸಂಕೇತವನ್ನು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್, ಮೆಶ್ ಸಾಧನಗಳೂ ಅದೇ ಚಾವಣಿಯನ್ನು ದಾಟಬೇಕು. ದಾಟಿಸುವ ಕೆಲಸಕ್ಕೂ ಗಾಳಿಯ ಸಮಯ ವ್ಯಯವಾಗುವುದರಿಂದ ವೇಗ ತಗ್ಗುತ್ತದೆ. ಮೆಶ್ ಕೊಂಡರೂ ಕೇಬಲ್ ಜೋಡಿಸಿದರೆ ಲಾಭ ಹೆಚ್ಚು.

ಹಳೆಯ ರೌಟರ್ ಮನೆಯಲ್ಲಿದ್ದರೆ ಅದನ್ನು 'ಆಕ್ಸೆಸ್ ಪಾಯಿಂಟ್' ವಿಧಾನಕ್ಕೆ ಬದಲಿಸಿ ಮೇಲಿನ ಮಹಡಿಗೆ ಬಳಸಬಹುದು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ, ಚಾನೆಲ್ ಮಾತ್ರ ಬೇರೆ ಬೇರೆ ಇರಲಿ. ಕಬ್ಬಿಣದ ಬೀರು, ಕನ್ನಡಿ, ನೀರಿನ ಟ್ಯಾಂಕ್‌ಗಳ ಹಿಂದೆ ಪೆಟ್ಟಿಗೆ ಇಡುವುದು ಸಲ್ಲದು. ಕೆಂಗೇರಿ ಕಡೆಯ ಅಪಾರ್ಟ್‌ಮೆಂಟ್‌ಗಳಂತೆ ಇಡೀ ಮನೆ ಒಂದೇ ಮಹಡಿಯಲ್ಲಿದ್ದರೆ ಲೆಕ್ಕ ಬೇರೆ. ಅಲ್ಲಿ ಮೂಲೆಯ ಪೆಟ್ಟಿಗೆಯನ್ನು ಮನೆಯ ನಡುವಿಗೆ ತಂದರೆ ಎರಡನೆಯದರ ಅಗತ್ಯವೇ ಬೀಳದಿರಬಹುದು.

ಕರೆಂಟು ಹೋದಾಗ

ಕೇಬಲ್‌ನಿಂದ ಇನ್ನೊಂದು ಅನುಕೂಲವಿದೆ. 'ಪಿಒಇ' ಸೌಲಭ್ಯದ ಆಕ್ಸೆಸ್ ಪಾಯಿಂಟ್‌ಗೆ ವಿದ್ಯುತ್ತೂ ಅದೇ ಕೇಬಲ್‌ನಲ್ಲಿ ಹರಿಯುತ್ತದೆ. ನೆಲಮಹಡಿಯಲ್ಲಿ ಫೈಬರ್ ಪೆಟ್ಟಿಗೆ, ರೌಟರ್ ಮತ್ತು ಪಿಒಇ ಸ್ವಿಚ್‌ಗೆ ಒಂದು ಯುಪಿಎಸ್ ಇಟ್ಟರೆ, ಕರೆಂಟು ಹೋದಾಗಲೂ ಮೂರೂ ಮಹಡಿಗಳು ಜಾಲದಲ್ಲಿ ಉಳಿಯುತ್ತವೆ. ಆದರೆ ಬೀದಿಯಲ್ಲಿರುವ ಕಂಪನಿಯ ಸಾಧನಕ್ಕೂ ಬ್ಯಾಟರಿ ಬೆಂಬಲ ಇದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಬೀಗ ಹಾಕದ ಬಾಗಿಲು

2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಬಂದ ಬೆದರಿಕೆಯ ಇ-ಮೇಲ್ ನವಿ ಮುಂಬೈನ ಮನೆಯೊಂದರ ವೈ-ಫೈ ಮೂಲಕ ಹೊರಟಿತ್ತು. ಪೊಲೀಸರು ಮೊದಲು ತಟ್ಟಿದ್ದು ಆ ಮನೆಯ ಬಾಗಿಲನ್ನು. ಮೇಲಿನ ಮಹಡಿಯ ಬಾಡಿಗೆದಾರರಿಗೆ, ಬಂದುಹೋಗುವ ಅತಿಥಿಗಳಿಗೆ ಮನೆಯ ಪಾಸ್‌ವರ್ಡನ್ನು ಧಾರಾಳವಾಗಿ ಕೊಡುವ ಮಾಲೀಕರು ಇದನ್ನು ಮರೆಯಬಾರದು. ಡಬ್ಲ್ಯುಪಿಎ-2 ಅಥವಾ 2018ರಲ್ಲಿ ಬಂದ ಡಬ್ಲ್ಯುಪಿಎ-3 ಭದ್ರತೆ, ಉದ್ದನೆಯ ಪಾಸ್‌ವರ್ಡ್ ಮತ್ತು ಹೊರಗಿನವರಿಗೆ ಪ್ರತ್ಯೇಕ 'ಗೆಸ್ಟ್' ಜಾಲ ಇರಲೇಬೇಕು. 2001ರಲ್ಲೇ ಭೇದಿಸಲ್ಪಟ್ಟ ಡಬ್ಲ್ಯುಇಪಿಯನ್ನಷ್ಟೇ ಬಲ್ಲ ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವುದೇ ಲೇಸು.

ಒಟ್ಟಿನಲ್ಲಿ ಖರ್ಚಿನ ಕ್ರಮ ಹೀಗಿರಲಿ: ಮೊದಲು ಕೇಬಲ್, ಅನಂತರ ಮಹಡಿಗೊಂದು ಸಾಧಾರಣ ಪೆಟ್ಟಿಗೆ, ಆಮೇಲೆ ಯುಪಿಎಸ್. ಬ್ರಾಂಡಿನ ಚರ್ಚೆ ಕೊನೆಗೆ. ಹೊಸ ಮನೆ ಕಟ್ಟುವವರು ವಿದ್ಯುತ್ ತಂತಿಗೆ ಪೈಪ್ ಹಾಕಿಸುವಾಗಲೇ ಪ್ರತಿ ಮಹಡಿಗೂ ಇಂಟರ್‌ನೆಟ್ ಕೇಬಲ್‌ಗೆಂದು ಇನ್ನೊಂದು ಪೈಪ್ ಹಾಕಿಸಿದರೆ, ಮುಂದೆ ಗೋಡೆ ಒಡೆಸುವ ಪ್ರಮೇಯ ಬರುವುದಿಲ್ಲ.