ಪತಂಗದ ಎಣಿಕೆ, ಹೊಲದ ಸುತ್ತಾಟ

ಯುಗಾದಿಯಿಂದ ರೋಹಿಣಿ ಮಳೆಯವರೆಗೆ ಹಿರೇಕೆರೂರು ಸೀಮೆಯ ಹೊಲಗಳು ಬರಿದಾಗಿರುತ್ತವೆಂಬ ಮಾತು ಈಗ ಪೂರ್ತಿ ಸಲ್ಲದು. ಕೊಳವೆಬಾವಿಯ ನೀರಿರುವಲ್ಲಿ ಬೇಸಿಗೆಯಲ್ಲಿಯೂ ಗೋವಿನಜೋಳ ಹಸಿರಾಗಿರುತ್ತದೆ. ಆ ಹಸಿರನ್ನೇ ಆಶ್ರಯಿಸಿ ಲದ್ದಿಹುಳುವಿನ ಪತಂಗವೂ ಮುಂಗಾರಿನವರೆಗೆ ತನ್ನ ಸಂತತಿಯನ್ನು ಉಳಿಸಿಕೊಳ್ಳುತ್ತದೆ.

ಅಮೆರಿಕ ಖಂಡದ ಮೂಲದ ಈ ಕೀಟವು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, 2018ರ ಮೇ ತಿಂಗಳಿನಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ, ಭಾರತದಲ್ಲಿಯೇ ಮೊದಲ ಬಾರಿಗೆ, ಪತ್ತೆಯಾಯಿತು. ಶಿಕಾರಿಪುರದ ಗಡಿ ದಾಟಿದರೆ ನಮ್ಮ ತಾಲ್ಲೂಕು. ಆ ವರ್ಷ ನಮ್ಮ ಬಂಧುಗಳ ಮನೆಯವರು ಸುಳಿಯಲ್ಲಿ ಲದ್ದಿ ತುಂಬಿದ ಮೇಲೆ ಔಷಧಿ ಹೊಡೆದರು. ಹುಳು ಬಲಿತು ಆಳಕ್ಕಿಳಿದಿತ್ತು. ತನ್ನ ಲದ್ದಿಯ ಮರೆಯಲ್ಲಿಯೇ ಬದುಕಿಕೊಂಡಿತು. ಸಾಲದ ಹಣ ಮಣ್ಣುಪಾಲಾಯಿತು. ಮರುವರ್ಷ ಅಂಜಿಕೆಯಿಂದ, ಹುಳು ಇದೆಯೋ ಇಲ್ಲವೋ ನೋಡದೆ, ಎಳೆಯ ಪೈರಿಗೆ ಎರಡು ಸಲ ಹೊಡೆದರು. ಪಂಪು ಹೊತ್ತ ಮಗ ತಲೆಸುತ್ತಿ ಬಿದ್ದು ಎರಡು ದಿನ ಮೇಲೇಳಲಿಲ್ಲ.

ಸಕಾಲವನ್ನರಿಯಲು ಮೋಹಕ ಬಲೆಯೆಂಬ ಸಾಧನವಿದೆ. ಹೆಣ್ಣು ಪತಂಗವು ಗಂಡನ್ನು ಕರೆಯಲು ಸೂಸುವ ಗಂಧವನ್ನೇ ಹೋಲುವ ದ್ರವ್ಯವನ್ನು ಅದರೊಳಗಿನ ಗುಳಿಗೆಯಲ್ಲಿ ತುಂಬಿರುತ್ತಾರೆ. ಇಂಥ ಗಂಧದ ಗುಟ್ಟನ್ನು 1959ರಲ್ಲಿ ಮೊದಲು ಬಿಡಿಸಿದವರು ಜರ್ಮನಿಯ ಬುಟೆನಾಂಟ್. ಅದೂ ನಮ್ಮ ನಾಡಿಗೆ ಚಿರಪರಿಚಿತವಾದ ರೇಷ್ಮೆಯ ಪತಂಗದಿಂದ!

ಬಲೆ ಕಟ್ಟಿದೊಡನೆ ಹುಳುವಿನ ಕಾಟ ತೀರಿತೆಂದು ಕೆಲವರು ಭಾವಿಸುತ್ತಾರೆ. ಅದರಲ್ಲಿ ಬೀಳುವುದು ಗಂಡು ಮಾತ್ರ. ಮಳೆ ನಕ್ಷತ್ರಗಳನ್ನು ಲೆಕ್ಕ ಹಾಕಿ ಬೆಳೆದ ನಮಗೆ ಬಲೆಯೂ ಒಂದು ಪಂಚಾಂಗವಾಗಿಯೇ ತೋರುತ್ತದೆ: ಅದು ಮಳೆ ತರಿಸದು, ಹೊತ್ತು ತಿಳಿಸುತ್ತದೆ. ಎಕರೆಗೆ ಐದು ಬಲೆಗಳನ್ನು ಬಿತ್ತನೆಯ ಹೊತ್ತಿಗೇ ಕಟ್ಟಿ, ಬಿದ್ದ ಪತಂಗಗಳನ್ನು ಎಣಿಸುತ್ತಿರಬೇಕು. ಗುಳಿಗೆಯನ್ನು ಸುಮಾರು ತಿಂಗಳಿಗೊಮ್ಮೆ ಬದಲಿಸಬೇಕು.

ಎಣಿಕೆ ಏರತೊಡಗಿತೆಂದರೆ ಹೊಲ ಸುತ್ತುವ ಕಾಲ ಬಂದಿತು. ಒಂದೊಂದು ಗುಂಪಿನಲ್ಲಿ ನೂರರಿಂದ ಇನ್ನೂರರವರೆಗೆ ಇರುವ ಮೊಟ್ಟೆಗಳು ಎರಡು ಮೂರು ದಿನಗಳಲ್ಲಿ ಒಡೆಯುತ್ತವೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು ಐದು ಕಡೆ ಇಪ್ಪತ್ತಿಪ್ಪತ್ತು ಗಿಡಗಳನ್ನು ನೋಡಿದರೆ ನೂರಾಯಿತು. ಮೊಳೆತ ಮೂರು ನಾಲ್ಕು ವಾರಗಳೊಳಗೆ ನೂರಕ್ಕೆ ಐದು ಗಿಡ ಕೆಟ್ಟಿದ್ದರೆ ಔಷಧೋಪಚಾರ ಬೇಕು. ಹುಳುವಿನ ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿರುವುದೇ ಗುರುತು.

ಆ ಬಂಧುಗಳ ಮನೆಯಲ್ಲಿ ಈಗ ಮೊಮ್ಮಗಳು ಬಲೆಯ ಎಣಿಕೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುತ್ತಾಳೆ. ಕಳೆದ ಮುಂಗಾರಿನಲ್ಲಿ ನೂರಕ್ಕೆ ಮೂರು ಗಿಡ ಮಾತ್ರ ಕೆಟ್ಟಿದ್ದವು. ಮೊಟ್ಟೆಯ ಗುಂಪುಗಳನ್ನು ಮನೆಮಂದಿಯೆಲ್ಲ ಕೈಯಿಂದಲೇ ಹೊಸಕಿದರು. ಪಂಪು ಅಟ್ಟದಿಂದ ಇಳಿಯಲಿಲ್ಲ.